ಜೋಳದ ಹೊಲದ ಹಿಂದಿನ ದಾರಿ

ಆ ಗೂಡ್ಸ್ ಗಾಡಿಯಲ್ಲಿ ಡ್ರೈವರ್ ಪಕ್ಕದ ಸೀಟು ನನ್ನದಾಗಿತ್ತು. ನಾನು ಕೇಳಿ ಪಡೆದದ್ದಲ್ಲ. ಮೊದಲ ದಿನ ಹಿಂದಕ್ಕೆ ಹತ್ತಲು ಹೋದಾಗ ಹೆಂಗಸರು ಬಿಡಲಿಲ್ಲ. ಪಾಠ ಹೇಳುವವರು ನಮ್ಮ ಜೊತೆ ನಿಂತುಕೊಂಡು ಬರುವುದು ಸರಿಯೇ ಎಂದು ಒಬ್ಬರು, ಸೀರೆ ಮಣ್ಣಾದರೆ ಮಕ್ಕಳು ನಗುತ್ತಾರೆ ಎಂದು ಇನ್ನೊಬ್ಬರು ಹೇಳಿ ನನ್ನನ್ನು ಮುಂದೆ ಕೂರಿಸಿದರು. ಅದುವರೆಗೆ ಆ ಸೀಟಿನಲ್ಲಿ ಕೂರುತ್ತಿದ್ದವರು ಗುಂಪಿಗೆಲ್ಲ ಹಿರಿಯರಾದ ಒಬ್ಬ ಹೆಂಗಸು. ಅವರಿಗೆ ಮಂಡಿನೋವು. ಇಳಿದು ಹಿಂದಕ್ಕೆ ಹೋದರು. ಅವರು ನಮ್ಮ ಬೀದಿಯವರೇ. ನಾನು ಅವರನ್ನು ದೊಡ್ಡವ್ವ ಎಂದು ಕರೆಯುತ್ತೇನೆ.

ನಾನು ಮುಳ್ಳೂರಿನಲ್ಲಿ ಹುಟ್ಟಿ ಲೊಕ್ಕನಹಳ್ಳಿಗೆ ಸೊಸೆಯಾಗಿ ಬಂದವಳು. ಕೊಳ್ಳೇಗಾಲದಿಂದ ಆಚೆ ಒಂದು ಪ್ರೌಢಶಾಲೆಯಲ್ಲಿ ಅತಿಥಿ ಶಿಕ್ಷಕಿ, ಸಮಾಜ ವಿಜ್ಞಾನ ಹೇಳುತ್ತೇನೆ. ಊರಿನಿಂದ ಹೊರಡುವ ಬೆಳಗಿನ ಬಸ್ಸು ಹಿಡಿದರೆ ಪ್ರಾರ್ಥನೆಗೆ ತಲುಪುವುದಿಲ್ಲ. ಆರು ಗಂಟೆಗೆ ಹೊರಡುವುದು ಈ ಗೂಡ್ಸ್ ಗಾಡಿ ಒಂದೇ. ಅದು ನಮ್ಮೂರಿನ ಹನ್ನೆರಡು ಹೆಂಗಸರನ್ನು ಯಳಂದೂರು ತಾಲ್ಲೂಕಿನ ಮಾಂಬಳ್ಳಿಗೆ ಕರೆದೊಯ್ಯುತ್ತದೆ. ನಮ್ಮ ಕಡೆ ಮಳೆ ನಂಬಿದ ಹೊಲ, ಅಲ್ಲಿ ನೀರಾವರಿ. ನಾಟಿ, ಕಳೆ, ಕಬ್ಬಿನ ಸೋಗೆ ಎಂದು ಅಲ್ಲಿ ಒಂದಿಲ್ಲೊಂದು ಕೆಲಸ ಇದ್ದೇ ಇರುತ್ತದೆ. ನಾನು ಕೊಳ್ಳೇಗಾಲದಲ್ಲಿ ಇಳಿದುಕೊಂಡು ಅಲ್ಲಿಂದ ಬಸ್ಸು ಹತ್ತುತ್ತಿದ್ದೆ.

ಸರಕು ಸಾಗಿಸುವ ಗಾಡಿಯ ಹಿಂಭಾಗದಲ್ಲಿ ಜನರನ್ನು ಕೂರಿಸಬಾರದು ಎಂಬ ಕಾನೂನು ನನಗೆ ಚೆನ್ನಾಗಿ ಗೊತ್ತು. ರಸ್ತೆ ಸುರಕ್ಷತೆಯ ಬಗ್ಗೆ ಮಕ್ಕಳಿಂದ ಚಿತ್ರ ಬರೆಸಿದ್ದೆ. ಒಬ್ಬ ಹುಡುಗಿ ಹಿಂದೆ ಜನ ತುಂಬಿದ ಗಾಡಿಯನ್ನು ಬರೆದು ಅದರ ಮೇಲೆ ಕೆಂಪು ಅಡ್ಡಗೆರೆ ಎಳೆದಿದ್ದಳು. ಅದಕ್ಕೆ ನಾನೇ ಹೆಚ್ಚು ಅಂಕ ಕೊಟ್ಟೆ. ಆ ದಿನ ಬೆಳಿಗ್ಗೆ ನಾನು ಶಾಲೆಗೆ ಬಂದದ್ದು ಅಂಥದೇ ಗಾಡಿಯಲ್ಲಿ. ಕಾನೂನು ತಪ್ಪೆಂದು ನನಗೆ ಯಾವತ್ತೂ ಅನ್ನಿಸಿಲ್ಲ. ತಿರುವಿನಲ್ಲಿ ಗಾಡಿ ವಾಲಿದಾಗ ಹಿಂದೆ ಹನ್ನೆರಡು ಜನ ಒಂದೇ ಬದಿಗೆ ಜಾರುವ ಸದ್ದು ಮುಂದಿನ ಸೀಟಿಗೆ ಕೇಳಿಸುತ್ತದೆ. ಆ ಗಾಡಿಯ ನೋಂದಣಿ ಪುಸ್ತಕದಲ್ಲಿ ಇರುವುದು ಎರಡು ಸೀಟು: ಡ್ರೈವರ್ ಮತ್ತು ಇನ್ನೊಬ್ಬರು. ಆ ಇನ್ನೊಬ್ಬರು ನಾನು. ಆ ಗಾಡಿಯಲ್ಲಿ ಧೈರ್ಯವಾಗಿ ಕೂರಬಹುದಾಗಿದ್ದವಳು ನಾನೊಬ್ಬಳೇ.

ಹೋದ ಮಳೆಗಾಲದ ಶುರುವಿನಲ್ಲಿ ತಪಾಸಣೆ ಬಿಗಿಯಾಯಿತು. ಊರು ಬಿಟ್ಟು ಐದಾರು ಕಿಲೋಮೀಟರ್ ದೂರದಲ್ಲಿ, ಕಾಡಂಚಿನ ತಿರುವಿನ ಹತ್ತಿರ ಬ್ಯಾರಿಕೇಡ್ ಇಟ್ಟರು. ಪಕ್ಕದಲ್ಲಿ ತಗಡಿನ ಒಂದು ಗೂಡು, ಒಳಗೆ ಒಬ್ಬ ಪೊಲೀಸ್. ಬ್ಯಾರಿಕೇಡಿನ ಮೇಲೆ ಸರಕು ವಾಹನದಲ್ಲಿ ಜನರನ್ನು ಸಾಗಿಸುವುದು ಅಪರಾಧ ಎಂದು ಬರೆದ ಹಲಗೆ. ಜನ ಅದನ್ನು ಚೆಕ್‌ಪೋಸ್ಟ್ ಎಂದರು.

ಮೊದಲ ವಾರ ಗಾಡಿ ಹೊರಡಲಿಲ್ಲ. ಎರಡನೆಯ ವಾರ ಹೆಂಗಸರೇ ಒಂದು ದಾರಿ ಹುಡುಕಿದರು. ಚೆಕ್‌ಪೋಸ್ಟಿಗೆ ಮುಂಚೆ ಒಂದು ಹುಣಸೆಮರ ಇದೆ. ಅಲ್ಲಿ ಹನ್ನೆರಡು ಜನವೂ ಇಳಿಯುವುದು. ರಸ್ತೆಯ ಪಕ್ಕದಲ್ಲಿ ಮುಸುಕಿನ ಜೋಳದ ಹೊಲ, ಅದರ ಹಿಂದೆ ಆನೆ ಬರದಂತೆ ಅರಣ್ಯದವರು ತೋಡಿಸಿದ ಕಂದಕ. ಹೊಲಕ್ಕೂ ಕಂದಕಕ್ಕೂ ನಡುವೆ ಒಬ್ಬರು ನಡೆಯುವಷ್ಟು ಜಾಗ. ಜೋಳ ಆಳೆತ್ತರ ಬೆಳೆದಿದ್ದರಿಂದ ರಸ್ತೆಯಿಂದ ನೋಡುವವರಿಗೆ ಯಾರೂ ಕಾಣರು. ಹಾಗೆ ಬಳಸಿಕೊಂಡು ಚೆಕ್‌ಪೋಸ್ಟ್ ದಾಟಿ, ಆಚೆಯ ಮೋರಿಯ ಹತ್ತಿರ ರಸ್ತೆಗೆ ಬಂದು ಮತ್ತೆ ಗಾಡಿ ಹತ್ತುವುದು. ಹತ್ತು ಹನ್ನೆರಡು ನಿಮಿಷದ ನಡಿಗೆ.

ಮೊದಮೊದಲು ಅದು ಅವರಿಗೆ ನಗೆಯ ವಿಷಯವಾಗಿತ್ತು. ಗುಂಪನ್ನು ಕಟ್ಟಿ ಕೆಲಸಕ್ಕೆ ಕರೆದೊಯ್ಯುತ್ತಿದ್ದ ಮೇಸ್ತ್ರಿ ಅಕ್ಕ ಒಂದು ದಿನ ಗಾಡಿ ಹತ್ತುತ್ತಾ ಹೇಳಿದರು:

"ಸರ್ಕಾರ ನಮ್ಗೂ ವಾಕಿಂಗ್ ಮಾಡುಸ್ತಾ ಅದೆ ಕಣ್ರೇ. ಸಕ್ಕರೆ ಕಾಯ್ಲೆ ಓಯ್ತದೆ ಬುಡಿ."

"ನಂಗಂತೂ ಓಗಿಲ್ಲ ಕಣವ್ವ" ಎಂದರು ದೊಡ್ಡವ್ವ. ಅವರಿಗೆ ನಿಜವಾಗಿಯೂ ಸಕ್ಕರೆ ಕಾಯಿಲೆ ಇತ್ತು.

ಇನ್ನು ಊಟದ ಚೀಲಗಳ ಸಂಗತಿ. ಎಲ್ಲ ಹೆಂಗಸರ ಬಳಿಯೂ ಸ್ಟೀಲಿನ ಡಬ್ಬಿ ಇಟ್ಟ ಒಂದೊಂದು ಕೈಚೀಲ ಇರುತ್ತಿತ್ತು. ಖಾಲಿ ಗಾಡಿಯಲ್ಲಿ ಹನ್ನೆರಡು ಊಟದ ಚೀಲ ಕಂಡರೆ ಯಾವ ಪೊಲೀಸಿಗೂ ಅರ್ಥವಾಗುತ್ತದೆ. ಅದಕ್ಕೆ ಹುಣಸೆಮರದ ಹತ್ತಿರ ಎಲ್ಲವನ್ನೂ ಒಂದು ಗೊಬ್ಬರದ ಚೀಲಕ್ಕೆ ತುಂಬಿ ಬಾಯಿ ಕಟ್ಟುತ್ತಿದ್ದರು. ಅದು ಆಗ ಸರಕಾಗುತ್ತಿತ್ತು. ಮೋರಿಯ ಹತ್ತಿರ ನಾನು ಇಳಿದು ಚೀಲದ ಬಾಯಿ ಬಿಚ್ಚಿ ಅವರವರ ಊಟ ಅವರವರ ಕೈಗೆ ಕೊಡುವುದು. ಚೀಲ ಖಾಲಿಯಾದರೆ ಎಲ್ಲರೂ ಬಂದರೆಂದು ಅರ್ಥ. ನಾನು ಡ್ರೈವರಿಗೆ "ಆಯ್ತು" ಎನ್ನುತ್ತಿದ್ದೆ, ಗಾಡಿ ಹೊರಡುತ್ತಿತ್ತು. ಮೊದಲು ಅವರೇ ಒಬ್ಬರನ್ನೊಬ್ಬರು ನೋಡಿಕೊಳ್ಳುತ್ತಿದ್ದರು. ನನಗೆ ಈ ಕೆಲಸ ಬಂದ ಮೇಲೆ ಬಿಟ್ಟರು. ಹಾಜರಿ ತೆಗೆಯುವವರೇ ಇರುವಾಗ ನಾವ್ಯಾಕೆ ಎಣಿಸುವುದು ಎನ್ನುತ್ತಿದ್ದರು.

ಅದು ನಾಟಿಯ ಕಾಲ. ಒಂದು ದಿನ, ಹಿಂದಿನ ರಾತ್ರಿ ಮಳೆ ಬಂದು ಬೆಳಿಗ್ಗೆ ತುಂತುರು ಉಳಿದಿತ್ತು. ಹುಣಸೆಮರದ ಹತ್ತಿರ ಎಲ್ಲರೂ ಇಳಿದರು. ಊಟಗಳನ್ನು ಗೊಬ್ಬರದ ಚೀಲಕ್ಕೆ ಹಾಕಿದ್ದಾಯಿತು. ಆಮೇಲೆ ದೊಡ್ಡವ್ವ ತಮ್ಮ ಕೈಚೀಲವನ್ನು ಅದರಿಂದ ವಾಪಸ್ಸು ತೆಗೆದುಕೊಂಡರು. ಮಾತ್ರೆ ನುಂಗಿ ಬಂದಿದ್ದೇನೆ, ಹೊತ್ತಿಗೆ ಸರಿಯಾಗಿ ಒಂದು ತುತ್ತು ಬಾಯಿಗೆ ಹಾಕಿಕೊಳ್ಳದಿದ್ದರೆ ತಲೆ ಸುತ್ತುತ್ತದೆ, ಡಾಕ್ಟರ್ ಹೇಳಿದ್ದಾರೆ ಎಂದರು. ನಾನು ಅದನ್ನು ನೋಡಿದೆ. ಕ್ಯಾಬಿನ್ನಿನ ಬಾಗಿಲ ಹತ್ತಿರ ನಿಂತು, ಎರಡು ಮಾರು ದೂರದಿಂದ ನೋಡಿದೆ. ಇದನ್ನು ಮರೆತೆನೆಂದು ನಾನು ಹೇಳುವ ಹಾಗಿಲ್ಲ.

ಚೆಕ್‌ಪೋಸ್ಟಿನಲ್ಲಿ ಪೊಲೀಸ್ ಹಿಂದೆ ಬಗ್ಗಿ ನೋಡಿದರು. ಡ್ರೈವರ್ ಗೊಬ್ಬರ ಎಂದ. ಅವರು ನನ್ನ ಕಿಟಕಿಯ ಕಡೆ ಬಂದು, ಮೇಡಂ, ಜನ ಯಾರನ್ನೂ ಹತ್ತಿಸಿಕೊಳ್ಳುವುದಿಲ್ಲ ತಾನೆ ಎಂದು ಕೇಳಿದರು. ನಾನು ಇಲ್ಲ ಎಂದೆ. ದಿನವೂ ಹಾಗೆಯೇ ಹೇಳುತ್ತಿದ್ದೆ. ಆ ದಿನ ಅವರು ಗಾಡಿಯ ಕಾಗದಗಳನ್ನೂ ಕೇಳಿದ್ದರಿಂದ ಸ್ವಲ್ಪ ಹೊತ್ತು ಹಿಡಿಯಿತು. ಆಗ ಜೋಳದ ಹೊಲದ ಕಡೆಯಿಂದ ತಗಡು ಬಡಿಯುವ ಸದ್ದು ಬಂತು. ಟಣ್, ಟಣ್, ಟಣ್. ನಿಂತಿತು. ಮತ್ತೆ ಬಂತು. ಅದಕ್ಕೆ ದೂರದಲ್ಲಿ ಇನ್ನೊಂದು ಕಡೆಯಿಂದ ಅಂಥದೇ ಸದ್ದು ಉತ್ತರ ಕೊಟ್ಟಿತು.

ಕಾಡಂಚಿನಲ್ಲಿ ಇರುವ ಯಾರಿಗೂ ಆ ಸದ್ದು ಹೊಸದಲ್ಲ. ಬೆಳೆ ಕಾಯುವವರು ಅಟ್ಟಣೆಯ ಮೇಲೆ ಕೂತು ಹಂದಿ, ಆನೆ ಓಡಿಸಲು ಡಬ್ಬ ಬಡಿಯುತ್ತಾರೆ, ಕೂಗುತ್ತಾರೆ. ಒಬ್ಬ ಬಡಿದರೆ ಪಕ್ಕದ ಹೊಲದವನೂ ಬಡಿಯುತ್ತಾನೆ, ನಾನೂ ಎಚ್ಚರವಾಗಿದ್ದೇನೆ ಎಂದು ತಿಳಿಸಲು. ಆ ಸದ್ದಿಗೆ ನಮ್ಮಲ್ಲಿ ಯಾರೂ ತಿರುಗಿ ನೋಡುವುದಿಲ್ಲ. ನಾನೂ ನೋಡಲಿಲ್ಲ. ಪೊಲೀಸರೂ ನೋಡಲಿಲ್ಲ.

ಮೋರಿಯ ಹತ್ತಿರ ಹೆಂಗಸರು ಒಬ್ಬೊಬ್ಬರಾಗಿ ಜೋಳದ ಮರೆಯಿಂದ ಬಂದರು. ಮಳೆಯ ಅವಸರ. ಊಟದ ಚೀಲ ಕೈಗೆ ಸಿಕ್ಕ ಕೂಡಲೇ ಹಿಂದಕ್ಕೆ ಹತ್ತಿ ಪ್ಲಾಸ್ಟಿಕ್ ಹಾಳೆಯ ಕೆಳಗೆ ಸೇರಿಕೊಂಡರು. ಗೊಬ್ಬರದ ಚೀಲ ಖಾಲಿಯಾಯಿತು. ನಾನು "ಆಯ್ತು" ಎಂದೆ.

ಕೊಟ್ಟದ್ದು ಹನ್ನೊಂದು ಊಟ. ನಾನು ಎಣಿಸಲಿಲ್ಲ. ಚೀಲ ಖಾಲಿಯಾದದ್ದನ್ನು ನೋಡಿದೆ, ಜನರನ್ನು ನೋಡಲಿಲ್ಲ.

ಶಾಲೆಯ ಅಂಗಳದಲ್ಲಿದ್ದಾಗ ಮೇಸ್ತ್ರಿ ಅಕ್ಕನ ಫೋನು ಬಂತು. ಆಗ ಒಂಬತ್ತು ಗಂಟೆ.

"ಟೀಚರಮ್ಮ, ದೊಡ್ಡವ್ವ ನಿಮ್ ಜೊತೆ ಕೊಳ್ಳೇಗಾಲ್ದಲ್ಲೇ ಇಳ್ಕಂಡ್ರಾ? ಅಂಗ್ಡೀಲಿ ಮಾತ್ರೆ ತಕಬೇಕು ಅಂತಿದ್ರು. ಬಸ್ನಲ್ಲಿ ಬತ್ತಾರೆ ಅಂತ ಇಷ್ಟೊತ್ತು ಕಾದ್ವಿ."

ಇಲ್ಲವಲ್ಲ, ನಿಮ್ಮ ಜೊತೆ ಹಿಂದೆ ಇದ್ದರಲ್ಲ ಎಂದೆ.

"ಹಿಂದ್ಗಡೆ ಇರ್ನಿಲ್ಲ. ಮಂಡಿ ನೋವು ಅಂತ ನೀವು ಮುಂದ್ಗಡೆ ಕೂರುಸ್ಕಂಡಿದ್ದೀರಿ ಅನ್ಕಂಡ್ವಿ."

 ಫೋನಿನಲ್ಲಿ ಗದ್ದೆಯ ನೀರಿನ ಸದ್ದು, ಯಾರೋ ಪೈರಿನ ಕಟ್ಟು ಕೇಳುತ್ತಿದ್ದ ಸದ್ದು ಬರುತ್ತಿತ್ತು. ಹೆಂಗಸರನ್ನು ಇಳಿಸಿ ಹೋಗಿದ್ದ ಡ್ರೈವರ್ ಅಷ್ಟರಲ್ಲಿ ವಾಪಸ್ಸು ಬಂದು ಫೋನು ತೆಗೆದುಕೊಂಡ. ಮೂವತ್ತು ದಾಟದ ಮನುಷ್ಯ, ಗಾಡಿಯೂ ಅವನದೇ.

"ಪೊಲೀಸ್ನೋರ್ಗೆ ಮಾತ್ರ ಏಳ್ಬೇಡಿ ಟೀಚರಮ್ಮ. ನಾನೇ ಓಗಿ ಕರ್ಕಬತ್ತೀನಿ. ಎಲ್ಲೋ ಕುಂತವ್ರೆ, ಅಷ್ಟೇಯ."

ಮಾಂಬಳ್ಳಿಯಿಂದ ಅಲ್ಲಿಗೆ ಒಂದು ಗಂಟೆಯ ದಾರಿ. ದೊಡ್ಡವ್ವನ ಹತ್ತಿರ ಫೋನು ಇಲ್ಲ. ಅವರ ಮಗನಿಗೆ ಮಾಡಿದೆ, ಎತ್ತಲಿಲ್ಲ. ನನ್ನ ಗಂಡನಿಗೆ ಮಾಡಿದೆ. ಅವರು ಹನೂರಿನಲ್ಲಿದ್ದರು, ಹೊರಡುತ್ತೇನೆ ಎಂದರು. ಪೊಲೀಸರಿಗೆ ಹೇಳಿದರೆ ಗಾಡಿ ಹೋಗುತ್ತದೆ, ಗಾಡಿ ಹೋದರೆ ಹನ್ನೆರಡು ಮನೆಯ ಕೆಲಸ ನಿಲ್ಲುತ್ತದೆ ಎಂದು ನಾನು ಯೋಚಿಸಿದ್ದು ನಿಜ. ದಿನವೂ ಇಲ್ಲ ಎಂದು ಹೇಳಿದ ನನ್ನ ಮಾತು ಏನಾಗುತ್ತದೆ ಎಂದು ಯೋಚಿಸಿದ್ದೂ ನಿಜ. ಯಾವುದು ಮೊದಲು ಬಂತೆಂದು ಈಗ ಹೇಳಲಾರೆ. ಹಾಗೆ ಇಪ್ಪತ್ತು ನಿಮಿಷ ಹೋಯಿತು.

ನಮ್ಮ ಶಾಲೆಯಲ್ಲಿ ಗಂಟೆಯೆಂದರೆ ಮರಕ್ಕೆ ತೂಗುಹಾಕಿದ ಕಬ್ಬಿಣದ ತುಂಡು. ಪ್ರಾರ್ಥನೆಗೆ ಅದನ್ನು ಬಡಿದರು. ಮಕ್ಕಳು ಸಾಲು ನಿಲ್ಲುತ್ತಿದ್ದರು. ಆಗ ನನಗೆ ಬೆಳಗಿನ ಸದ್ದು ನೆನಪಾಯಿತು. ಅಟ್ಟಣೆಯವರು ಬಡಿಯುವುದು ಹಳೆಯ ಎಣ್ಣೆ ಡಬ್ಬವನ್ನು, ಅದರ ಸದ್ದು ಒಡಕು. ನಾನು ಮೊದಲು ಕೇಳಿದ ಸದ್ದು ತೆಳ್ಳಗಿತ್ತು, ಸಣ್ಣದಿತ್ತು. ಸ್ಟೀಲಿನದು.

ನಾನು 112ಕ್ಕೆ ಫೋನು ಮಾಡಿದೆ. ಒಬ್ಬ ಹೆಣ್ಣುಮಗಳು ಎತ್ತಿಕೊಂಡಳು. ಜಾಗ ಹೇಳಿದೆ: ಚೆಕ್‌ಪೋಸ್ಟಿನ ಹಿಂದೆ, ಜೋಳದ ಹೊಲದಾಚೆ, ಆನೆ ಕಂದಕದ ಉದ್ದಕ್ಕೂ ನೋಡಿ. ಅವರು ಅಲ್ಲಿಗೆ ಹೇಗೆ ಹೋದರು ಎಂದು ಕೇಳಿದಳು. ಗೂಡ್ಸ್ ಗಾಡಿಯಿಂದ ಇಳಿದು ನಡೆದರು, ಆ ಗಾಡಿಯಲ್ಲಿ ನಾನೂ ಇದ್ದೆ ಎಂದೆ.

ಮುಂದಿನದು ನಾನು ನೋಡಿದ್ದಲ್ಲ, ದೊಡ್ಡವ್ವ ಹೇಳಿದ್ದು. ಅವರು ಎಲ್ಲರಿಗಿಂತ ಹಿಂದೆ ಇದ್ದರಂತೆ. ತಲೆ ಸುತ್ತಿದಂತಾಗಿ ಎರಡು ತುತ್ತು ತಿನ್ನೋಣವೆಂದು ಕಂದಕದ ಏರಿಯ ಮೇಲೆ ಕೂತರು. ಮಳೆಗೆ ನೆನೆದ ಮಣ್ಣು ಅವರ ಸಮೇತ ಜಾರಿತು. ಕಂದಕ ಎರಡಾಳು ಆಳ, ಅಡಿಯಲ್ಲಿ ಮೊಣಕಾಲು ಮುಳುಗದಷ್ಟು ಕೆಸರು ನೀರು. ಕಾಲು ಮುರಿದದ್ದು ಏಳಲು ನೋಡಿದಾಗ ಗೊತ್ತಾಯಿತು. ಮೊದಲು ಕೂಗಿದರು. ಕೂಗು ಏರಿ ದಾಟುವುದಿಲ್ಲವೆಂದು ಗೊತ್ತಾದ ಕೂಡಲೇ ಡಬ್ಬಿಯ ಮುಚ್ಚಳ ತೆಗೆದು ಡಬ್ಬಿಗೆ ಬಡಿದರು. ಆಚೆಯಿಂದ ಒಬ್ಬ ಬಡಿದ. ಯಾರೋ ಕೇಳಿಸಿಕೊಂಡರು, ಬರುತ್ತಾರೆ ಎಂದುಕೊಂಡರು. ಇವರು ಬಡಿದಾಗಲೆಲ್ಲ ಅವನೂ ಬಡಿದ. ಎಷ್ಟೋ ಹೊತ್ತಿನ ಮೇಲೆ ಅವನು ನಿಲ್ಲಿಸಿದ, ಹೊತ್ತೇರಿತೆಂದು ಕಾವಲು ಮುಗಿಸಿ ಮನೆಗೆ ಹೋಗಿರಬೇಕು. ಆಮೇಲೂ ಇವರು ಬಡಿಯುತ್ತಲೇ ಇದ್ದರು.

ಮುಖ್ಯೋಪಾಧ್ಯಾಯರಿಗೆ ಹೇಳಿ ನಾನು ಕೊಳ್ಳೇಗಾಲದ ಆಸ್ಪತ್ರೆಯ ಗೇಟಿನ ಹತ್ತಿರ ಬಂದು ನಿಂತೆ. ಸಿಕ್ಕಿದ್ದಾರೆ, ಜೀವ ಇದೆ ಎಂದು ಅಷ್ಟರಲ್ಲಿ ಗಂಡ ಫೋನು ಮಾಡಿದ್ದರು. ಆಂಬುಲೆನ್ಸ್ ಬೇರೆ ಕಡೆ ಹೋಗಿದೆ, ತಡವಾಗುತ್ತದೆ ಎಂದೂ ಹೇಳಿದ್ದರು. ಹನ್ನೊಂದರ ಸುಮಾರಿಗೆ ಬಂದದ್ದು ನಮ್ಮದೇ ಗೂಡ್ಸ್ ಗಾಡಿ. ಡ್ರೈವರ್ ಅಲ್ಲಿಗೆ ತಲುಪಿದಾಗ ಪೊಲೀಸರೇ ಅವನನ್ನು ನಿಲ್ಲಿಸಿ ಗಾಡಿ ತಿರುಗಿಸಲು ಹೇಳಿದರಂತೆ. ಮಡಚಲಾಗದ ಕಾಲಿನವರನ್ನು ಮುಂದಿನ ಸೀಟಿನಲ್ಲಿ ಕೂರಿಸುವುದು ಆಗದು. ಹಿಂದೆ ಅಟ್ಟಣೆಯಿಂದ ತಂದ ಹಗ್ಗದ ಮಂಚ, ಅದರ ಮೇಲೆ ದೊಡ್ಡವ್ವ. ಮಂಚದ ಪಕ್ಕ ಕುಕ್ಕರುಗಾಲಿನಲ್ಲಿ ಕೂತು ಎರಡೂ ಕೈಯಲ್ಲಿ ಅವರ ಕಾಲು ಹಿಡಿದಿದ್ದವರು ಬೆಳಿಗ್ಗೆ ನನ್ನನ್ನು ಕೇಳಿದ ಪೊಲೀಸ್. ಟೋಪಿ ಇರಲಿಲ್ಲ. ಸೊಂಟದವರೆಗೂ ಕೆಸರು. ಅವರು ನನ್ನನ್ನು ನೋಡಿದರು, ಗುರುತು ಹಿಡಿದರು. ಮಂಚವನ್ನು ಆ ಕಡೆ ಹಿಡಿದುಕೊಳ್ಳಿ ಮೇಡಂ ಎಂದಷ್ಟೇ ಹೇಳಿದರು. ಹಿಡಿದುಕೊಂಡೆ.

ದೊಡ್ಡವ್ವನ ಮೈ ತಣ್ಣಗಿತ್ತು. ಡಬ್ಬಿ ಎದೆಯ ಮೇಲಿತ್ತು. ನನ್ನನ್ನು ಕಂಡು ಅವರು ಮೊದಲು ಆಡಿದ ಮಾತು ಇದು:

"ಮುಚ್ಚಳ ನೆಗ್ಗೋಯ್ತು ಕಣವ್ವ. ಇನ್ ಕೂರದೇ ಇಲ್ಲ."

ಮೊಣಕಾಲಿನ ಕೆಳಗೆ ಮೂಳೆ ಎರಡು ಕಡೆ ಮುರಿದಿತ್ತು. ಮಾರನೆಯ ದಿನ ಹೇಳಿಕೆ ಬರೆದುಕೊಳ್ಳಲು ಬರುತ್ತಾರೆಂದು ಗೊತ್ತಾದಾಗ ವಾರ್ಡಿನ ಹೊರಗೆ ಒಂದು ಸಣ್ಣ ಸಭೆ ನಡೆಯಿತು. ಸೌದೆಗೆ ಹೋಗಿದ್ದರು ಎನ್ನೋಣ ಎಂದರು ಮೇಸ್ತ್ರಿ ಅಕ್ಕ. ಕಂದಕ ಅರಣ್ಯದವರದು, ಸೌದೆ ಎಂದರೆ ಅವರು ಬೇರೆ ಕೇಸು ಹಾಕುತ್ತಾರೆ ಎಂದ ದೊಡ್ಡವ್ವನ ಮಗ. ಹಾಗಾದರೆ ಬಯಲಿಗೆ ಹೋಗಿದ್ದಾಗ ಜಾರಿದರು ಎನ್ನೋಣ ಎಂದ ಡ್ರೈವರ್. ಅದಕ್ಕೆ ಎಲ್ಲರೂ ಒಪ್ಪಿದರು. ನಾನು ಒಪ್ಪಿದೆನೆಂದೂ ಹೇಳಲಿಲ್ಲ, ಇಲ್ಲವೆಂದೂ ಹೇಳಲಿಲ್ಲ. ಫೋನಿನಲ್ಲಿ ನಾನು ಆಗಲೇ ಹೇಳಿಬಿಟ್ಟಿದ್ದೇನೆಂದು ಅವರಿಗೆ ತಿಳಿದಿರಲಿಲ್ಲ.

ಹೇಳಿಕೆ ಬರೆಯಲು ಬಂದವರೂ ಆ ಚೆಕ್‌ಪೋಸ್ಟಿನ ಪೊಲೀಸೇ. ಮಗ ಬಯಲಿನ ವಿಷಯ ಶುರುಮಾಡಿದ. ದೊಡ್ಡವ್ವ ಮಲಗಿದ್ದಲ್ಲಿಂದಲೇ ಅವನನ್ನು ತಡೆದರು.

"ಮನೇಲಿ ಕಕ್ಕಸ್ ಕಟ್ಸಿವ್ನಿ ಸಾ, ಬಾಗ್ಲು ಸಮೇತ. ನಾನ್ಯಾಕೆ ಬಯಲ್ಗೆ ಓಗ್ಲಿ? ಗಾಡೀಲಿ ಬಂದೆ, ನಿಮ್ಗೆ ಎದರ್ಕಂಡು ಇಳ್ದೆ, ಬಿದ್ದೆ. ಅಂಗೇ ಬರ್ಕಳಿ."

ಡ್ರೈವರ್ ತಲೆ ತಗ್ಗಿಸಿದ. ಪೊಲೀಸ್ ಹಾಗೆಯೇ ಬರೆದುಕೊಂಡರು.

ನನ್ನ ಹೇಳಿಕೆಯನ್ನು ನಾನೇ ಬರೆದು ಕೊಟ್ಟೆ. ಮುಂದಿನ ಸೀಟು, ಗೊಬ್ಬರದ ಚೀಲ, ದಿನವೂ ಹೇಳಿದ ಇಲ್ಲ, ಅವರು ಚೀಲ ತೆಗೆದುಕೊಂಡದ್ದನ್ನು ನೋಡಿದ್ದು, ತಡಮಾಡಿದ ಇಪ್ಪತ್ತು ನಿಮಿಷ, ಎಲ್ಲವನ್ನೂ ಬರೆದೆ. ಚೆಕ್‌ಪೋಸ್ಟಿನಲ್ಲಿದ್ದಾಗ ಡಬ್ಬಿ ಬಡಿಯುವ ಸದ್ದು ಕೇಳಿತ್ತು ಎಂದೂ ಬರೆದೆ. ಅವರು ನಿಧಾನವಾಗಿ ಓದಿ ಆ ಸಾಲಿನ ಮೇಲೆ ಬೆರಳಿಟ್ಟರು.

"ಇದು ಬೇಡ ಮೇಡಂ."

ನಡೆದದ್ದೇ ಅಲ್ಲವೇ ಎಂದೆ.

"ನಡೆದದ್ದೇ. ನಾನೂ ಕೇಳಿದೆ. ಒಂಬತ್ತೂವರೆ ತನಕ ಕೇಳ್ತಾನೇ ಇದ್ದೆ."

ಅವರು ಹಾಳೆಯನ್ನು ಮತ್ತೊಮ್ಮೆ ನೋಡಿ, ಆ ಸಾಲನ್ನು ಹೊಡೆಯದೆ ಮಡಚಿ ಫೈಲಿನಲ್ಲಿ ಇಟ್ಟುಕೊಂಡರು.

ಗಾಡಿ ಕೆಲವು ದಿನ ಠಾಣೆಯ ಮುಂದೆ ನಿಂತಿತ್ತು. ಡ್ರೈವರಿನ ಲೈಸೆನ್ಸು ಮೂರು ತಿಂಗಳು ಅಮಾನತಾಯಿತು. ಅಷ್ಟು ಕಾಲ ಹೆಂಗಸರಿಗೆ ಮಾಂಬಳ್ಳಿಯ ಕೆಲಸ ತಪ್ಪಿತು, ನಾನು ಶಾಲೆಗೆ ಹತ್ತಿರವಾದ ತವರಿನಲ್ಲಿ ಉಳಿದು ಕೆಲಸಕ್ಕೆ ಹೋದೆ. ಟೀಚರಮ್ಮ ಹೊಟ್ಟೆ ತುಂಬಿದವರು, ಬರೆದುಕೊಟ್ಟರು ಎಂದು ಬೀದಿಯಲ್ಲಿ ಯಾರೋ ಅಂದದ್ದು ನನಗೂ ಬಂದು ಮುಟ್ಟಿತು. ಬೆಳಿಗ್ಗೆ ಬೇಗ ಒಂದು ಬಸ್ಸು ಬೇಕೆಂದು ಅರ್ಜಿ ಬರೆದು ಎಲ್ಲರ ಸಹಿ ಹಾಕಿಸಿ ಕೊಟ್ಟೆವು. ಅದು ಇನ್ನೂ ಪರಿಶೀಲನೆಯಲ್ಲಿದೆ. ಲೈಸೆನ್ಸು ವಾಪಸ್ಸು ಬಂದ ಮೇಲೆ ಗಾಡಿ ಮತ್ತೆ ಹೊರಟಿತು. ಇದು ಸರಿಯೆಂದು ನಾನು ಹೇಳುತ್ತಿಲ್ಲ. ಹೊರಟಿತು ಎಂದಷ್ಟೇ ಹೇಳುತ್ತಿದ್ದೇನೆ.

ಬೇಸಿಗೆಯ ಮೊದಲಿಗೆ ಮಾಂಬಳ್ಳಿಯಲ್ಲಿ ಅರಿಶಿನ ಬಿಡಿಸುವ ಕೆಲಸ ಬಂದಾಗ ದೊಡ್ಡವ್ವ ಕೋಲು ಹಿಡಿದು ಗಾಡಿಯ ಹತ್ತಿರ ಬಂದರು. ಕೂತು ಮಾಡುವ ಕೆಲಸ, ಮಾಡಬಲ್ಲೆ ಎಂದರು. ಹಿಂದಕ್ಕೆ ಹತ್ತಲು ಅವರಿಂದ ಆಗದು, ಹೊಲದ ಹಿಂದೆ ನಡೆಯಲೂ ಆಗದು. ಇನ್ನೊಂದು ಸೀಟಿನಲ್ಲಿ ಯಾರು ಕೂರಬೇಕೆಂದು ಯಾರೂ ಕೇಳಲಿಲ್ಲ. ನಾನು ಇಳಿದೆ. ಅವರು ತಮ್ಮ ಹಳೆಯ ಸೀಟಿನಲ್ಲಿ ಕೂತು ಕಾಲು ನೀಡಿಕೊಂಡರು. ನಾನು ಹಿಂದಕ್ಕೆ ಹತ್ತಿದೆ.

ಈಗ ಹನ್ನೆರಡನೆಯವಳಾಗಿ ನಡೆಯುವವಳು ನಾನು. ಜೋಳ ಕೊಯ್ದು ತಿಂಗಳುಗಳಾಗಿವೆ. ಹೊಲದಲ್ಲಿ ಬರೀ ಕೂಳೆ ಉಳಿದಿದೆ. ಕಂದಕದ ಪಕ್ಕ ನಾವು ಸಾಲಾಗಿ ನಡೆಯುವುದು ಚೆಕ್‌ಪೋಸ್ಟಿನಿಂದ ಚೆನ್ನಾಗಿ ಕಾಣುತ್ತದೆ. ಆ ಪೊಲೀಸ್ ಗಾಡಿಯನ್ನು ನಿಲ್ಲಿಸಿಕೊಂಡು, ನಮ್ಮ ಕಡೆಗೇ ಮುಖ ಮಾಡಿ ನಿಂತಿರುತ್ತಾರೆ. ಸಾಲಿನ ಕೊನೆಯವಳು ಮೋರಿ ಮುಟ್ಟಿದ ಮೇಲೆ ಬ್ಯಾರಿಕೇಡ್ ಸರಿಸುತ್ತಾರೆ. ಅವರು ಎಣಿಸುತ್ತಾರೋ ಇಲ್ಲವೋ ನನಗೆ ಗೊತ್ತಿಲ್ಲ.

ಗೊಬ್ಬರದ ಚೀಲ ಈಗ ದೊಡ್ಡವ್ವನ ಕಾಲ ಬಳಿ ಇರುತ್ತದೆ. ಅವರು ಅದರ ಬಾಯಿ ಬಿಚ್ಚುವ ಮೊದಲು ಕಿಟಕಿಯಿಂದ ತಲೆ ಹೊರಹಾಕಿ ಒಬ್ಬೊಬ್ಬರನ್ನೂ ಕೂಗುತ್ತಾರೆ. ಮೂಲೆಮನೆಯವಳು, ಬಾವಿಕಟ್ಟೆಯವಳು, ಅತ್ತೆ, ಸೊಸೆ. ಮುಖ ಕಂಡರೆ ಸಾಲದು, ಬಾಯಿಬಿಟ್ಟು ಬಂದೆ ಎನ್ನಬೇಕು. ನನ್ನನ್ನು ಕಡೆಯಲ್ಲಿ ಕೂಗುತ್ತಾರೆ.

"ಟೀಚರಮ್ಮ?"

"ಬಂದೆ ದೊಡ್ಡವ್ವ" ಎನ್ನುತ್ತೇನೆ. ಅವರು ನೆಗ್ಗಿದ ಮುಚ್ಚಳವನ್ನು ಬಾಗಿಲಿಗೆ ಎರಡು ಸಲ ಬಡಿಯುತ್ತಾರೆ. ಗಾಡಿ ಹೊರಡುತ್ತದೆ.